ಕಾಲುವೆ ಇಳಿಯುವಲ್ಲಿ ಕರೆಂಟು

ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗಲೆಲ್ಲ ಇದೇ ಲೆಕ್ಕ ತಲೆಯಲ್ಲಿ. ಸೆಕೆಂಡಿಗೆ 10 ಘನಮೀಟರ್ ನೀರು 3 ಮೀಟರ್ ಇಳಿದರೆ, ಶೇ 80 ದಕ್ಷತೆಯಲ್ಲಿ ಸುಮಾರು 235 ಕಿಲೋವ್ಯಾಟ್. ಇದ್ದ ಕಾಲುವೆಯ ಮೇಲೆಯೇ ಕಿರು ಜಲವಿದ್ಯುತ್ ಘಟಕ ಕೂರಿಸಿದರೆ ಹೊಸ ಮುಳುಗಡೆ ಇಲ್ಲ.

ಆದರೂ ಕೊನೆಯಂಚಿನ ರೈತರು, "ನಮ್ಮ ಪಾಲಿನ ನೀರು ಬರ್ತದೇನ್ರಿ?" ಅಂತ ಕೇಳ್ತಾರೆ. ಕೇಳಲೇಬೇಕು. ಟರ್ಬೈನು ನೀರು ಕುಡಿಯುವುದಿಲ್ಲ, ನಿಜ. ಆದರೆ ಗ್ರಿಡ್, ಅಂದರೆ ವಿದ್ಯುತ್ ಜಾಲ, ಕೈಕೊಟ್ಟು ಯಂತ್ರ ನಿಂತ ಗಳಿಗೆಗೆ, ನೀರನ್ನು ಯಂತ್ರದ ಪಕ್ಕದಿಂದ ಹಾಯಿಸುವ ಬೈಪಾಸ್ ಗೇಟು ತಾನಾಗಿ ತೆರೆಯದಿದ್ದರೆ ಮೇಲ್ಗಡೆ ನೀರು ಹೆಚ್ಚಿ ಕಾಲುವೆಯ ಏರಿ ಒಡೆಯಬಹುದು, ಕೆಳಗಡೆ ಭತ್ತ ಒಣಗುತ್ತದೆ. ಆ ಗೇಟಿಗೆ ಕರೆಂಟಿನ ಹಂಗೇ ಇರಬಾರದು, ತೂಕದ ಭಾರಕ್ಕೇ ತೆರೆಯುವಂತಿರಬೇಕು. ಕಸ ತಡೆಯುವ ಜಾಲರಿಯನ್ನೂ ದಿನಾ ಬಾಚಬೇಕು. ಜೊಂಡು, ಪ್ಲಾಸ್ಟಿಕ್ ಕಟ್ಟಿ ನೀರು ಇಳಿಯುವ 3 ಮೀಟರ್ ಎತ್ತರದಲ್ಲಿ ಅರ್ಧ ಮೀಟರ್ ಕಳೆದುಹೋದರೂ ಆರನೇ ಒಂದು ಪಾಲು ವಿದ್ಯುತ್ ಹೋದಂತೆ.