ದೊಡ್ಡ ಟೈರ್ ಹಾಕಿದ ಪಿಕಪ್ ಆವರೇಜ್ ಎಷ್ಟು ಕೊಡ್ತದ?

ಟೆಕ್ಸಾಸ್‌ನಲ್ಲಿ ಪಿಕಪ್ ಅಂದರೆ ಕಲಬುರಗಿಯ ನೆಹರೂ ಗಂಜ್ ಮಾರುಕಟ್ಟೆಗೆ ತೊಗರಿ ಚೀಲ ಹೊತ್ತು ಬರುವ ಗಾಡಿ ಅಲ್ಲ. ಆಫೀಸಿಗೂ ಅದೇ, ಮಕ್ಕಳ ಶಾಲೆಗೂ ಅದೇ. ಕೊಂಡ ಮೇಲೆ ದೊಡ್ಡ ಟೈರ್ ಹಾಕಿಸುವ ಹುಚ್ಚೂ ಇಲ್ಲಿ ಬಹಳ. ಕಲಬುರಗಿ ಕಡೆಯವರು ಫೋನಿನಲ್ಲಿ ಕೇಳುವುದು ಒಂದೇ: ಆವರೇಜ್ ಬೀಳಂಗಿಲ್ಲೇನು? ಬೀಳ್ತದ. ಆದರೆ ಮೀಟರ್ ತೋರಿಸಿದಷ್ಟು ಅಲ್ಲ.

265/70 ಆರ್17 (ಅಗಲ 265 ಮಿಮೀ, ಪಕ್ಕದ ಗೋಡೆ ಅದರ ಶೇ. 70, ರಿಮ್ 17 ಇಂಚು) ಟೈರಿನ ಎತ್ತರ ಸುಮಾರು 803 ಮಿಮೀ. ಅದನ್ನು ತೆಗೆದು 285/70 ಆರ್17 ಹಾಕಿದರೆ 831 ಮಿಮೀ, ಅಂದರೆ ಶೇ. 3.5 ಹೆಚ್ಚು. ಗಾಡಿ ಗಾಲಿಯ ಸುತ್ತು ಎಣಿಸುತ್ತದೆಯೇ ಹೊರತು ರಸ್ತೆ ಅಳೆಯುವುದಿಲ್ಲ. ಹಾಗಾಗಿ ಮೀಟರ್ 100 ಮೈಲಿ ಅಂದಾಗ ನೀವು 103.5 ಮೈಲಿ ಓಡಿರುತ್ತೀರಿ. ಮೊದಲು ಗ್ಯಾಲನ್‌ಗೆ 20 ಮೈಲಿ (ಲೀಟರ್‌ಗೆ 8.5 ಕಿಮೀ) ಕೊಡುತ್ತಿದ್ದ ಗಾಡಿ ಈಗ 27 ಗ್ಯಾಲನ್‌ಗೆ 480 ಮೈಲಿ ತೋರಿಸಿತು ಅನ್ನಿ. ಲೆಕ್ಕಕ್ಕೆ 17.8 ಬಂತು. 480 ಅನ್ನು 1.035ರಿಂದ ಗುಣಿಸಿದರೆ 497 ಮೈಲಿ, ನಿಜವಾದ ಆವರೇಜ್ 18.4. ಕಳೆದುಹೋಯಿತು ಅಂದುಕೊಂಡದ್ದರಲ್ಲಿ ಕಾಲು ಭಾಗ ಬರೀ ಮೀಟರಿನ ಸುಳ್ಳು.

ಸೂತ್ರ ಬೇಡ ಅನ್ನುವವರಿಗೆ ಚಾಕ್‌ಪೀಸ್ ಸಾಕು. ಸಪಾಟು ನೆಲದಲ್ಲಿ ಗಾಳಿ ಹಾಕುವ ವಾಲ್ವ್ ಸರಿಯಾಗಿ ಕೆಳಗೆ ಬಂದಾಗ ಒಂದು ಗೆರೆ, ಗಾಲಿ ಐದು ಸುತ್ತು ಉರುಳಿದ ಮೇಲೆ ಇನ್ನೊಂದು ಗೆರೆ, ನಡುವೆ ಟೇಪು. ಹಳೇ ಟೈರಿನಲ್ಲೂ ಹೀಗೇ ಅಳೆದು, ಹೊಸದರ ಅಳತೆಯನ್ನು ಹಳೆಯದರಿಂದ ಭಾಗಿಸಿ. ಇಲ್ಲಿ ಹೆದ್ದಾರಿಯ ಮೈಲಿ ಫಲಕ ನೋಡಿ ತಾಳೆ ಹಾಕುತ್ತಾರೆ. ಹುಮನಾಬಾದ್ ರೋಡಿನ ಕಿಲೋಮೀಟರ್ ಕಲ್ಲಿಗೂ ಅದೇ ಕೆಲಸ ಬರುತ್ತದೆ.

ಉಳಿದ ನಷ್ಟ ಮಾತ್ರ ನಿಜ. ದಪ್ಪ ಪದರದ ಎಲ್‌ಟಿ (ಲೈಟ್ ಟ್ರಕ್) ಟೈರ್ ಮಾಮೂಲಿಗಿಂತ ಒಂದೊಂದಕ್ಕೆ 5–7 ಕೆಜಿ ಭಾರ. ಅದು ತಿರುಗುವ ಭಾರ, ಹಾಗಾಗಿ ಸಿಗ್ನಲ್‌ಗೊಮ್ಮೆ ನಿಂತು ಎತ್ತುವ ಊರೊಳಗೆ ಹೆಚ್ಚು ಕಾಡುತ್ತದೆ. ಹೆದ್ದಾರಿಯಲ್ಲಿ ಕಾಡುವುದು ಗಾಳಿ: ಟೈರ್ ಮಡ್‌ಗಾರ್ಡ್‌ನಿಂದ ಹೊರಗೆ ಚಾಚಿ, ಮೇಲೆ ಗಾಡಿ ಎತ್ತರಿಸುವ ಲಿಫ್ಟ್ ಕಿಟ್ಟೂ ಬಿದ್ದರೆ ವೇಗ ಏರಿದಂತೆ ಡೀಸೆಲ್ಲೋ ಪೆಟ್ರೋಲೋ ಸುರಿಯುತ್ತದೆ. ಕೆಸರಿಗೆಂದು ಗುಂಡಿ ಗುಂಡಿಯಾಗಿ ಉಬ್ಬಿದ ಮಡ್ ಟೆರೇನ್ ಟ್ರೆಡ್ ಡಾಂಬರಿನ ಮೇಲೆ ಇನ್ನಷ್ಟು ತಿನ್ನುತ್ತದೆ. (ನಮ್ಮ ಎರೆಮಣ್ಣು ಒಮ್ಮೆ ಮೆತ್ತಿತೆಂದರೆ ಆ ಗುಂಡಿಯೂ ಉಳಿಯುವುದಿಲ್ಲ, ಅದು ಬೇರೆ ಮಾತು.) ಬಾಗಿಲ ಚೀಟಿಯಲ್ಲಿ ಬರೆದ ಗಾಳಿ ಹಳೇ ಟೈರಿನದು, ಎಲ್‌ಟಿ ಟೈರಿಗೆ ಅಷ್ಟೇ ಭಾರ ಹೊರಲು ಅದಕ್ಕಿಂತ ಹೆಚ್ಚು ಬೇಕು. ಕಡಿಮೆ ಬಿಟ್ಟರೆ ಗೋಡೆ ಮಡಚಿ ಬಿಸಿಯಾಗುತ್ತದೆ, ಆವರೇಜೂ ಹೋಯಿತು.

35 ಇಂಚು ಎತ್ತರದ ಟೈರ್ ಹಾಕಿದರೆ ಕಥೆಯೇ ಬೇರೆ. ವ್ಯತ್ಯಾಸ ಶೇ. 11. ಆಕ್ಸೆಲ್ ಅನುಪಾತ (ಗಾಲಿಯ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ಅನ್ನುವ ಲೆಕ್ಕ) 3.73 ಇದ್ದದ್ದು 3.37ರಂತೆ ವರ್ತಿಸುತ್ತದೆ. ಚಡಾವಿನಲ್ಲಿ ಟಾಪ್ ಗೇರ್ ನಿಲ್ಲುವುದಿಲ್ಲ, ಗೇರ್‌ಬಾಕ್ಸ್ ಮೇಲೆ ಕೆಳಗೆ ಹುಡುಕಾಡುತ್ತ ಬಿಸಿಯಾಗುತ್ತದೆ. 4.10ರ ಗೇರ್ ಕೂಡಿಸಿದರೆ ಎಳೆತ ಹಳೇ ಮಟ್ಟಕ್ಕೆ ಬರುತ್ತದೆ, ಆದರೆ 4×4 ಗಾಡಿಯಲ್ಲಿ ಮುಂದೆ ಹಿಂದೆ ಎರಡೂ ಆಕ್ಸೆಲ್ ಬಿಚ್ಚಬೇಕು. ಕಂಪ್ಯೂಟರಿಗೆ ಟೈರ್ ಅಳತೆ ತುಂಬದಿದ್ದರೆ ಮೀಟರ್ ಗಂಟೆಗೆ 65 ಮೈಲಿ ತೋರಿಸುವಾಗ ಗಾಡಿ 72ರಲ್ಲಿರುತ್ತದೆ. ದಂಡದ ಚೀಟಿ ಬಂದರೂ ಬಂತು.

ಸ್ಟೆಪ್ನಿಯನ್ನು ಎಲ್ಲರೂ ಮರೆಯುತ್ತಾರೆ. ಹೊಸ ಅಳತೆಯದು ಹಲವು ಗಾಡಿಗಳಲ್ಲಿ ಹಿಂದಿನ ಡಾಲಾದ ಕೆಳಗೆ ಹಿಡಿಯುವುದಿಲ್ಲ. ಹಳೆಯದನ್ನೇ ಇಟ್ಟುಕೊಂಡು ಪಂಕ್ಚರ್ ಆದಾಗ ಹಾಕಿದರೆ ಗಾಲಿಗಳ ಎತ್ತರ ಬೇರೆ ಬೇರೆಯಾಗಿ ಮುಂದಿನ ಹಿಂದಿನ ಆಕ್ಸೆಲ್ ಜಗ್ಗಾಡುತ್ತವೆ; ಒಣ ರಸ್ತೆಯಲ್ಲಿ 4×4 ಲಿವರ್ ಮುಟ್ಟಬೇಡಿ.