ಲಿಟಲ್ ರಾಕ್‌ನಲ್ಲಿ ಸರ್ಕಾರ ಎರಡಾದ ಬೀದಿ

ಮೆಂಫಿಸ್‌ನಿಂದ ಲಿಟಲ್ ರಾಕ್‌ಗೆ ಹೋಗುವ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ನೋಡುವಂಥದ್ದು ಏನೂ ಇಲ್ಲ. ಎರಡು ಗಂಟೆಗೂ ಮಿಕ್ಕ ದಾರಿ, ಏರಿಲ್ಲ, ಇಳಿತವಿಲ್ಲ, ಎರಡೂ ಕಡೆ ಭತ್ತದ ಗದ್ದೆ. ಅಮೆರಿಕದಲ್ಲಿ ಬೆಳೆಯುವ ಭತ್ತದಲ್ಲಿ ಹೆಚ್ಚುಕಡಿಮೆ ಅರ್ಧ ಈ ಅರ್ಕಾನ್ಸಾ ರಾಜ್ಯದ್ದೇ ಎಂದು ಮಗಳು ಹೇಳುವವರೆಗೆ ನನಗೆ ಗೊತ್ತಿರಲಿಲ್ಲ. ಮೆಂಫಿಸ್‌ನಲ್ಲಿ ಎಲ್ವಿಸ್ ಪ್ರೀಸ್ಲಿಯ ಬಂಗಲೆಯನ್ನು ನೋಡಿ ಆಗಿತ್ತು. ಟಿಕೆಟ್ಟಿನ ದರಕ್ಕೂ ಅಲ್ಲಿನ ಥಳುಕಿಗೂ ನನಗೆ ತಲೆನೋವು ಬಂದಿತ್ತು ಎಂಬುದನ್ನು ಬಿಟ್ಟರೆ ಅದರ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ಬರೆಯಬೇಕು ಅನ್ನಿಸಿದ್ದು ಒಂದು ಶಾಲೆಯ ಮುಂದಿನ ಬೀದಿಯ ಬಗ್ಗೆ.

ಅದಕ್ಕೆ ಮೊದಲು ಬಾಡಿಗೆ ಕಾರಿನವನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯುರಿ ಆರುವುದಿಲ್ಲ. ಮಗಳ ಕಾರು ರಿಪೇರಿಗೆ ಹೋಗಿತ್ತು. ಬಾಡಿಗೆ ಕಾರಿನ ಕೀಲಿಯನ್ನು ಕೈಗೆ ಕೊಡುವ ಹೊತ್ತಿಗೆ ಆ ಮಹಾಶಯ, "ಟೆನೆಸ್ಸೀ ರಾಜ್ಯದ ಆಚೆ ಹೋಗುವುದಾದರೆ ದಿನಕ್ಕೆ ಇಷ್ಟು ಹೆಚ್ಚುವರಿ" ಎಂದ. ಕಾಯ್ದಿರಿಸುವಾಗ ಆ ಮಾತು ಎಲ್ಲಿಯೂ ಇರಲಿಲ್ಲ. ಮೆಂಫಿಸ್ ಎಂದರೆ ಗಡಿಯಲ್ಲೇ ಕೂತಿರುವ ಊರು; ಮಿಸಿಸಿಪಿ ನದಿಯ ಸೇತುವೆ ದಾಟಿದರೆ ಅರ್ಕಾನ್ಸಾ. ಸೇತುವೆಯ ಆಚೆ ತುದಿ ಅವನ ಅಂಗಡಿಯ ಬಾಗಿಲಿನಿಂದ ಕಾಣುತ್ತಿರಬಹುದು. ಅಮೆರಿಕದಲ್ಲಿ ಕಾರು ಬಾಡಿಗೆಗೆ ಪಡೆಯುವವರು ರಾಜ್ಯದ ಗಡಿ ದಾಟಲು ಅನುಮತಿ ಇದೆಯೇ ಎಂದು ಮೊದಲೇ ಬರಹದಲ್ಲಿ ಕೇಳಿಟ್ಟುಕೊಳ್ಳಿ. ನಮ್ಮ ಊರಿನ ಲೈಸೆನ್ಸ್ ನಡೆಯುತ್ತದೆಯೇ ಎಂಬುದನ್ನೂ ಆಯಾ ರಾಜ್ಯಕ್ಕೆ ಪ್ರತ್ಯೇಕವಾಗಿ ವಿಚಾರಿಸಬೇಕು. ಅದನ್ನು ತೀರ್ಮಾನಿಸುವುದು ವಾಷಿಂಗ್ಟನ್ ಅಲ್ಲ, ರಾಜ್ಯಗಳು.

ಆ ಸೇತುವೆಗೂ ಒಂದು ಕಥೆಯಿದೆ. ಇಂಗ್ಲಿಷಿನ 'ಎಂ' ಅಕ್ಷರದ ಹಾಗೆ ಎರಡು ಕಮಾನು. ಹೆದ್ದಾರಿಗೆ ಹೆಚ್ಚಿನ ಹಣ ಕೇಂದ್ರದ್ದು, ಒಡೆತನ ರಾಜ್ಯಗಳದ್ದು. ಇದು 1956ರ ಕಾನೂನಿನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಮಾಡಿದ ಏರ್ಪಾಡು, ನೂರಕ್ಕೆ ತೊಂಬತ್ತು ಪಾಲು ಖರ್ಚು ಒಕ್ಕೂಟದ ಖಜಾನೆಯಿಂದ. ಸೇತುವೆ ಎರಡು ರಾಜ್ಯಗಳಿಗೂ ಸೇರಿದ್ದರಿಂದ ಕೆಲಸ ಹಂಚಿಕೊಂಡಿದ್ದಾರೆ: ತಪಾಸಣೆ ಅರ್ಕಾನ್ಸಾದ್ದು, ದುರಸ್ತಿ ಟೆನೆಸ್ಸೀಯದ್ದು. 2021ರ ಮೇ ತಿಂಗಳಲ್ಲಿ ಉಕ್ಕಿನ ತೊಲೆಯೊಂದು ಬಿರುಕು ಬಿಟ್ಟಿದ್ದು ಕಂಡು ತಿಂಗಳುಗಟ್ಟಲೆ ಸೇತುವೆ ಮುಚ್ಚಿದರು. ಆ ಬಿರುಕು ಅಷ್ಟು ಕಾಲ ಕಣ್ಣಿಗೆ ಬೀಳದೇ ಹೋಗಿದ್ದು ಹೇಗೆ ಎಂಬ ಪ್ರಶ್ನೆಗೆ ತಪಾಸಣೆ ಮಾಡಿದವನೊಬ್ಬನ ಕೆಲಸ ಹೋಯಿತು. ಮಗಳು ಇದನ್ನು ನಾವು ಸರಿಯಾಗಿ ಸೇತುವೆಯ ನಡುಮಧ್ಯದಲ್ಲಿರುವಾಗ ಹೇಳಿದಳು.

ಲಿಟಲ್ ರಾಕ್ ತಲುಪಿದಾಗ ಮಧ್ಯಾಹ್ನ. 2025ರ ಆಗಸ್ಟ್ ಕೊನೆಯ ಸೆಕೆ. ಸಸ್ಯಾಹಾರಿಗಳಿಗೆ ಈ ಸೀಮೆಯಲ್ಲಿ ದೊಡ್ಡ ಆಸರೆ ಎಂದರೆ ಉಪ್ಪಿನಕಾಯಿ ಸೌತೆಯನ್ನು ಹಿಟ್ಟಿನಲ್ಲಿ ಅದ್ದಿ ಕರಿದ ತಿನಿಸು. ನಮ್ಮ ಬಾಳೆಕಾಯಿ ಬಜ್ಜಿಯನ್ನು ಹುಳಿ ನೀರಿನಲ್ಲಿ ನೆನೆಸಿ ಕರಿದರೆ ಹೇಗಿರುತ್ತದೆಯೋ ಹಾಗೆ. ನನಗೆ ಹಿಡಿಸಿತು. ಮಗಳು ಮುಖ ಸಿಂಡರಿಸಿದಳು.

ಸೆಂಟ್ರಲ್ ಹೈಸ್ಕೂಲನ್ನು ನೋಡಿದವರಿಗೆ ಮೊದಲು ಬೆರಗು ಹುಟ್ಟಿಸುವುದು ಅದರ ಗಾತ್ರ. 1927ರಲ್ಲಿ ಕಟ್ಟಿದ್ದು, ಎರಡು ಬ್ಲಾಕ್‌ಗಳಷ್ಟು ಉದ್ದ. ಎರಡೂ ಕಡೆಯಿಂದ ಏರಿ ಬರುವ ಮೆಟ್ಟಿಲುಗಳು, ಬಾಗಿಲುಗಳ ಮೇಲೆ ನಾಲ್ಕು ಶಿಲ್ಪಗಳು: ಮಹತ್ವಾಕಾಂಕ್ಷೆ, ವ್ಯಕ್ತಿತ್ವ, ಅವಕಾಶ, ಸಿದ್ಧತೆ. ಶಾಲೆ ಈಗಲೂ ನಡೆಯುತ್ತಿದೆ, ಹಾಗಾಗಿ ನಮ್ಮಿಷ್ಟಕ್ಕೆ ಒಳಗೆ ನುಗ್ಗುವ ಹಾಗಿಲ್ಲ. ಬೀದಿಯ ಒಂದು ಬದಿಯಲ್ಲಿ ಊರಿನ ಶಿಕ್ಷಣ ಮಂಡಳಿಯ ಶಾಲೆ. ಓರೆಯಾಗಿ ಎದುರಿಗೆ ರಾಷ್ಟ್ರೀಯ ಉದ್ಯಾನ ಸೇವೆಯ, ಅಂದರೆ ವಾಷಿಂಗ್ಟನ್‌ನ, ಸಂದರ್ಶಕರ ಕೇಂದ್ರ. ರಸ್ತೆ ದಾಟಿದರೆ ಸರ್ಕಾರ ಬದಲಾಗುತ್ತದೆ.

1957ರ ಸೆಪ್ಟೆಂಬರ್‌ನಲ್ಲಿ ಈ ಬೀದಿಯಲ್ಲಿ ಏನಾಯಿತು ಎಂಬುದು ನನಗೆ ಮೇಲುಮೇಲಕ್ಕೆ ಗೊತ್ತಿತ್ತು. ಬಿಳಿಯರ ಶಾಲೆಗೆ ಒಂಬತ್ತು ಮಂದಿ ಕರಿಯ ಮಕ್ಕಳು ಸೇರಬೇಕಿತ್ತು. ಬಣ್ಣದ ಆಧಾರದ ಮೇಲೆ ಶಾಲೆ ಬೇರ್ಪಡಿಸುವುದು ಸಂವಿಧಾನ ವಿರೋಧಿ ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು. ಗವರ್ನರ್ ಓರ್ವಲ್ ಫಾಬಸ್ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯನ್ನು ಕರೆಸಿ ಮಕ್ಕಳನ್ನು ತಡೆದ. ಅಧ್ಯಕ್ಷ ಐಸೆನ್‌ಹೋವರ್ ಸೇನೆ ಕಳುಹಿಸಿದ. ಇಷ್ಟು ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದನ್ನು ಅಗಲ ಅಂಚಿನ ಟೋಪಿ ಹಾಕಿದ್ದ ರೇಂಜರ್ ಹುಡುಗಿ ಹೇಳಿದಳು.

ಸೆಪ್ಟೆಂಬರ್ 4ರಂದು ಮಕ್ಕಳೆಲ್ಲ ಒಟ್ಟಾಗಿ ಬರುವುದೆಂದು ಹಿಂದಿನ ರಾತ್ರಿ ತೀರ್ಮಾನವಾಯಿತು. ಎಲಿಜಬೆತ್ ಎಕ್‌ಫರ್ಡ್ ಮನೆಯಲ್ಲಿ ಫೋನ್ ಇರಲಿಲ್ಲ, ಸುದ್ದಿ ಮುಟ್ಟಲಿಲ್ಲ. ಹದಿನೈದರ ಹುಡುಗಿ ತಾನೇ ಹೊಲಿದುಕೊಂಡ ಬಿಳಿಯ ಉಡುಪು ತೊಟ್ಟು, ಕಪ್ಪು ಕನ್ನಡಕ ಹಾಕಿಕೊಂಡು ಒಬ್ಬಳೇ ಬಂದಳು. ಬಿಳಿಯ ಹುಡುಗರನ್ನು ಸೈನಿಕರು ಒಳಗೆ ಬಿಡುತ್ತಿರುವುದನ್ನು ನೋಡಿ, ತನಗೂ ದಾರಿ ಕೊಡುತ್ತಾರೆ ಎಂದುಕೊಂಡು ಅವರತ್ತ ನಡೆದಳು. ಅವರು ಬಂದೂಕು ಅಡ್ಡ ಹಿಡಿದರು. ಹಿಂದೆ ಕೂಗಾಡುವ ಗುಂಪು. ಶಾಲೆಯ ಆ ತುದಿಯಲ್ಲಿ ಬಸ್ ನಿಲ್ದಾಣದ ಬೆಂಚು ಇತ್ತು, ಅಲ್ಲಿಯವರೆಗೆ ನಡೆದಳು. ಅಂಥದೇ ಒಂದು ಬೆಂಚನ್ನು ಈಗ ಇಟ್ಟಿದ್ದಾರೆ. ನಾನೂ ಶಾಲೆಯ ಮುಂಬಾಗಿಲಿನಿಂದ ಅಲ್ಲಿಯವರೆಗೆ ನಡೆದು ನೋಡಿದೆ. ಮರದ ನೆರಳಿದೆ, ಕಾಲುದಾರಿ ಸಪಾಟಾಗಿದೆ, ಕೆಲವೇ ನಿಮಿಷದ ನಡಿಗೆ. ಬೈಯುವ ನೂರಾರು ಜನರನ್ನು ಬೆನ್ನಿಗೆ ಕಟ್ಟಿಕೊಂಡು ನಡೆದರೆ ಅದು ಎಷ್ಟು ಉದ್ದವಾಗುತ್ತದೆ ಎಂದು ಊಹಿಸಲು ಹೋಗಿ ಬಿಟ್ಟೆ.

"ಇಲ್ಲಿ ಸಾಮಾನ್ಯವಾಗಿ ಜನ ಒಂದು ವಿಷಯ ಮರೆಯುತ್ತಾರೆ" ಎಂದಳು ರೇಂಜರ್. ಸೆಪ್ಟೆಂಬರ್ 24ರಂದು ಅಧ್ಯಕ್ಷರು ಹೊರಡಿಸಿದ ಆಜ್ಞೆ ಭೂಸೇನೆಯ 101ನೇ ಪ್ಯಾರಾಟ್ರೂಪರ್ ದಳದ ಸೈನಿಕರನ್ನು ಕಳುಹಿಸಿದ್ದಷ್ಟೇ ಅಲ್ಲ. ಅರ್ಕಾನ್ಸಾದ ನ್ಯಾಷನಲ್ ಗಾರ್ಡ್ ಪಡೆಯನ್ನೇ ಗವರ್ನರ್ ಕೈಯಿಂದ ತೆಗೆದು ಒಕ್ಕೂಟದ ಸೇವೆಗೆ ಸೇರಿಸಿಕೊಂಡಿತು. ನವೆಂಬರ್ ಕೊನೆಗೆ 101ನೇ ದಳ ಹಿಂದಿರುಗಿತು. ಶಾಲೆಯ ವರ್ಷ ಮುಗಿಯುವ ತನಕ ಆ ಮಕ್ಕಳಿಗೆ ಕಾವಲಿದ್ದದ್ದು ಅದೇ ಗಾರ್ಡ್. ಸೆಪ್ಟೆಂಬರ್ ಮೊದಲ ವಾರ ಹುಡುಗಿಗೆ ಬಂದೂಕು ಅಡ್ಡ ಹಿಡಿದ ಪಡೆಯೇ ಕೊನೆಯ ವಾರ ಅವಳನ್ನು ಕಾಯಬೇಕಾದ ಪಡೆ. ಸಮವಸ್ತ್ರವೂ ಅದೇ, ಬೀದಿಯೂ ಅದೇ. ಬದಲಾದದ್ದು ಆಜ್ಞೆ ಕೊಡುವವನು. ಕಾವಲು ಹೇಗಿತ್ತೆಂದರೆ, ಕಾರಿಡಾರಿನಲ್ಲಿ ತಳ್ಳುವುದು, ಒದೆಯುವುದು, ಉಗುಳುವುದು ವರ್ಷವಿಡೀ ನಡೆದೇ ಇತ್ತು. ಆದರೂ 1958ರ ಮೇ ತಿಂಗಳಲ್ಲಿ ಆ ಒಂಬತ್ತರಲ್ಲಿ ಕೊನೆಯ ತರಗತಿಯಲ್ಲಿದ್ದ ಅರ್ನೆಸ್ಟ್ ಗ್ರೀನ್ ಪದವಿಪತ್ರ ಪಡೆದ.

ಐಸೆನ್‌ಹೋವರ್ ಇದನ್ನು ಹುರುಪಿನಿಂದ ಮಾಡಿದ್ದಲ್ಲ. ಅದೇ ಜುಲೈನಲ್ಲಿ ಪತ್ರಿಕಾಗೋಷ್ಠಿಯಲ್ಲಿ, ಕೋರ್ಟಿನ ಆದೇಶ ಜಾರಿಗೊಳಿಸಲು ಕೇಂದ್ರದ ಸೇನೆ ಕಳುಹಿಸುವಂಥ ಪರಿಸ್ಥಿತಿಯನ್ನು ತನ್ನಿಂದ ಕಲ್ಪಿಸಿಕೊಳ್ಳಲೂ ಆಗದು ಎಂದಿದ್ದ.

ಸಂದರ್ಶಕರ ಕೇಂದ್ರದ ಹೊರಗಿನ ನೆರಳಿನಲ್ಲಿ ಎಂಬತ್ತು ದಾಟಿದ ಬಿಳಿಯ ವೃದ್ಧರೊಬ್ಬರು ಕೂತಿದ್ದರು. ನಾವು ಎಲ್ಲಿಂದ ಬಂದವರು ಎಂದು ಅವರೇ ಮಾತಿಗೆಳೆದರು. ಅಲ್ಲಿಂದ ಮುಂದೆ ನಮ್ಮ ಪ್ರವಾಸ ಅಲ್ಲೇ ನಿಂತುಬಿಟ್ಟಿತು.

1958ರಲ್ಲಿ ಅವರಿಗೆ ಹದಿನೈದು ವರ್ಷ, ಇದೇ ಊರು. ಆ ಸೆಪ್ಟೆಂಬರ್‌ನಲ್ಲಿ ಫಾಬಸ್ ಊರಿನ ನಾಲ್ಕು ಹೈಸ್ಕೂಲುಗಳನ್ನೂ ಮುಚ್ಚಿಸಿದ. ಕೂಡಿ ಓದುವುದಾದರೆ ಯಾರೂ ಓದುವುದು ಬೇಡ ಎಂಬ ಲೆಕ್ಕ. ಮತಕ್ಕೆ ಹಾಕಿದಾಗ ಜನ 7,561 ಮತಕ್ಕೆ ಎದುರಾಗಿ 19,470 ಮತ ಕೊಟ್ಟು ಅದನ್ನೇ ಒಪ್ಪಿದರು. "ಶಿಕ್ಷಕರು ಸಂಬಳದ ಕರಾರಿನಂತೆ ದಿನವೂ ಬಂದು ಖಾಲಿ ಕೋಣೆಯಲ್ಲಿ ಕೂರುತ್ತಿದ್ದರು. ಆದರೆ ಫುಟ್‌ಬಾಲ್ ತಂಡ ಆಡುವುದು ನಿಲ್ಲಲಿಲ್ಲ ನೋಡಿ. ಶಾಲೆಯಿಲ್ಲದ ಶಾಲೆಗೆ ತಂಡವಿತ್ತು" ಎಂದು ನಕ್ಕರು. ಅವರನ್ನು ಟೆಕ್ಸಾಸ್‌ನ ಚಿಕ್ಕಮ್ಮನ ಮನೆಗೆ ಕಳುಹಿಸಿದರಂತೆ.

"ನಿಮ್ಮ ತಂದೆ ಯಾವ ಕಡೆ ಮತ ಹಾಕಿದರು?" ಮಗಳು ಕೇಳಿಯೇಬಿಟ್ಟಳು. ನಾನು ಅವಳ ಕೈ ಚಿವುಟಿದೆ.

"ಮುಚ್ಚುವ ಕಡೆ" ಎಂದರು, ತಡವರಿಸದೆ. ತಂದೆಯದು ಹಾರ್ಡ್‌ವೇರ್ ಅಂಗಡಿ. ಗಲ್ಲಾಪೆಟ್ಟಿಗೆಯ ಮೇಲೆ ಸಂವಿಧಾನದ 10ನೇ ತಿದ್ದುಪಡಿಯ ಚೀಟಿ ಅಂಟಿಸಿದ್ದರಂತೆ: ಒಕ್ಕೂಟಕ್ಕೆ ಕೊಡದ ಅಧಿಕಾರಗಳು ರಾಜ್ಯಗಳಿಗೆ ಅಥವಾ ಜನರಿಗೆ ಉಳಿದಿವೆ ಎಂಬ ಸಾಲು. ಗಿರಾಕಿಗಳಿಗೆ ಚಿಲ್ಲರೆ ಕೊಡುತ್ತಾ ಅದನ್ನು ಓದಿ ಹೇಳುತ್ತಿದ್ದರು. "ನಮ್ಮಪ್ಪ ಕೆಟ್ಟವರಲ್ಲ ಎಂದು ನಾನು ಹೇಳಲಾರೆ. ಆದರೆ ನಿಮಗೆ ಒಂದು ತಮಾಷೆ ಹೇಳುತ್ತೇನೆ. ಪಕ್ಕದ ಜಾಕ್ಸನ್‌ವಿಲ್‌ನಲ್ಲಿ ವಾಯುನೆಲೆ ಇದೆಯಲ್ಲ, ಅದನ್ನು ಇಲ್ಲಿಗೆ ತರಿಸಲು ಊರಿನವರೇ ಚಂದಾ ಎತ್ತಿ, ಜಮೀನು ಕೊಂಡು ಕೇಂದ್ರಕ್ಕೆ ದಾನ ಕೊಟ್ಟರು. ನಮ್ಮಪ್ಪನೂ ಕೊಟ್ಟಿದ್ದರು. 1955ರಲ್ಲಿ ಶುರುವಾಯಿತು. ಎರಡು ವರ್ಷ ಕಳೆದ ಮೇಲೆ 101ನೇ ದಳದ ವಿಮಾನಗಳು ಇಳಿದದ್ದು ಎಲ್ಲಿ ಅಂದುಕೊಂಡಿರಿ?"

ಸೇತುವೆಗೆ, ಹೆದ್ದಾರಿಗೆ, ವಾಯುನೆಲೆಗೆ ಬೇಕಾದ ಕೇಂದ್ರ ಶಾಲೆಯ ಬಾಗಿಲಿಗೆ ಬಂದಾಗ ಮಾತ್ರ ದಬ್ಬಾಳಿಕೆಯಾಯಿತು ಎಂಬುದು ನನಗೆ ಆ ಕ್ಷಣಕ್ಕೆ ಸುಲಭದ ತೀರ್ಮಾನವಾಗಿ ಕಂಡಿತು. ಅವರು ಅಷ್ಟಕ್ಕೆ ಬಿಡಲಿಲ್ಲ.

"ಈ ಜೂನ್‌ನಲ್ಲಿ ಲಾಸ್ ಏಂಜಲೀಸ್‌ಗೆ ಗಾರ್ಡ್ ಕಳುಹಿಸಿದ್ದನ್ನು ನೋಡಿದಿರಲ್ಲ? ಕ್ಯಾಲಿಫೋರ್ನಿಯಾದ ಗವರ್ನರ್ ಬೇಡ ಎಂದರೂ ಅಧ್ಯಕ್ಷರು ಅವರ ಪಡೆಯನ್ನು ತಮ್ಮ ಕೈಗೆ ತೆಗೆದುಕೊಂಡರು. 1965ರ ನಂತರ ಗವರ್ನರ್ ಒಪ್ಪಿಗೆಯಿಲ್ಲದೆ ಹೀಗೆ ಆಗಿರಲಿಲ್ಲ. ನಾನು ಟಿವಿಯ ಮುಂದೆ ಕೂತು 'ಇದು ರಾಜ್ಯದ ವಿಷಯ, ನೀನು ಯಾರು ಕೇಳಲು' ಎಂದು ಕೂಗಿದೆ. ಕೂಗಿದ ಮೇಲೆ ಗೊತ್ತಾಯಿತು, ಅದು ನನ್ನ ದನಿಯಲ್ಲ, ನಮ್ಮಪ್ಪನ ದನಿ."

ಮಗಳು ಒಪ್ಪಲಿಲ್ಲ. ಎರಡೂ ಒಂದೇ ಅಲ್ಲ ಎಂದು ವಾದಕ್ಕೆ ನಿಂತಳು. 1957ರಲ್ಲಿ ನ್ಯಾಯಾಲಯದ ಆದೇಶವಿತ್ತು, ಗವರ್ನರ್ ಅದನ್ನು ಧಿಕ್ಕರಿಸಿದ್ದ, ಊರಿನ ಮೇಯರ್ ತಾನೇ ತಂತಿ ಕಳುಹಿಸಿ ಸೇನೆ ಬೇಕೆಂದಿದ್ದ. ಈಗ ಅಂಥ ಆದೇಶ ಎಲ್ಲಿದೆ? ಬಳಸಿದ ಕಾನೂನೂ ಬೇರೆ. "ಸರಿ" ಎಂದರು ಅವರು, "ಆದರೆ ಅಧಿಕಾರ ಒಂದೇ. ನಿನ್ನ ಹಾಗೆ ಯೋಚಿಸುವವರು ಅದನ್ನು ಗಟ್ಟಿಯಾಗಿ ಕಟ್ಟಿ ಇಟ್ಟರು, ಆಮೇಲೆ ಬಂದವರು ಕೀಲಿ ತೆಗೆದುಕೊಂಡರು." ಇಬ್ಬರೂ ಸೋಲಲಿಲ್ಲ. ನನಗೆ ಮಗಳ ವಾದವೇ ಸರಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಆದರೆ ಆ ಕೀಲಿಯ ಮಾತಿಗೆ ಅವಳ ಹತ್ತಿರ ಉತ್ತರ ಇರಲಿಲ್ಲ.

ನಿಮ್ಮ ದೇಶದಲ್ಲಿ ಹೇಗೆ ಎಂದು ನನ್ನತ್ತ ತಿರುಗಿದರು. ನಮ್ಮಲ್ಲಿ ರಾಜ್ಯಪಾಲರನ್ನು ದೆಹಲಿಯೇ ಕಳುಹಿಸುತ್ತದೆ, 1989ರಲ್ಲಿ ನಮ್ಮ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಹಾಗೆಯೇ ವಜಾ ಮಾಡಿದ್ದರು, ಬಹುಮತವಿದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು ಎಂದು 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ ಮೇಲೆ ಆ ಚಾಳಿಗೆ ಕಡಿವಾಣ ಬಿತ್ತು ಎಂದೆ. ಅವರಿಗೆ ಬೊಮ್ಮಾಯಿ ವಿಷಯ ತಲೆಗೆ ಹೋಗಲೇ ಇಲ್ಲ. "ಗವರ್ನರ್‌ನನ್ನು ರಾಜಧಾನಿಯಿಂದ ಕಳುಹಿಸುತ್ತಾರೆಯೇ? ಜನ ಸುಮ್ಮನಿರುತ್ತಾರೆಯೇ?" ಎಂದು ಎರಡೆರಡು ಸಲ ಕೇಳಿದರು. ಹೊರಡುವಾಗ ಮಗಳ ಹತ್ತಿರ ಇಮೇಲ್ ವಿಳಾಸ ಬರೆಸಿಕೊಂಡರು.

ಉಳಿದ ಸಮಯದಲ್ಲಿ ರಾಜ್ಯದ ಶಾಸನಸಭಾ ಭವನ ನೋಡಿದೆವು. ಒಂಬತ್ತು ಮಕ್ಕಳ ಕಂಚಿನ ಪ್ರತಿಮೆಗಳು ಆಳೆತ್ತರದಲ್ಲಿ, ಪುಸ್ತಕ ಹಿಡಿದು ನಡೆಯುವ ಭಂಗಿಯಲ್ಲಿ, ಗವರ್ನರ್ ಕಚೇರಿಗೆ ಎದುರಾಗಿ ನಿಂತಿವೆ. 2005ರಲ್ಲಿ ನಿಲ್ಲಿಸಿದ್ದು. ಜಾಗದ ಆಯ್ಕೆಗೆ ನನ್ನ ಮೆಚ್ಚುಗೆಯಿದೆ. ಪ್ರತಿಮೆಗಳ ಮುಖದ ಕೆಲಸ ಸಾಧಾರಣ. ಕ್ಲಿಂಟನ್ ಗ್ರಂಥಾಲಯಕ್ಕೂ ಹೋದೆವು. ಹವಾನಿಯಂತ್ರಣ ಚೆನ್ನಾಗಿತ್ತು.

ಆ ರಾತ್ರಿ ಹೋಟೆಲಿನಲ್ಲಿ ಮಗಳು, ವಾದ ಅರ್ಧಕ್ಕೆ ನಿಂತ ಸಿಟ್ಟಿಗೋ ಏನೋ, 1958ರ ಕೂಪರ್ ಮತ್ತು ಆರನ್ ಪ್ರಕರಣದ ತೀರ್ಪನ್ನು ಮೊಬೈಲಿನಲ್ಲಿ ತೆಗೆದು ಓದತೊಡಗಿದಳು. ಲಿಟಲ್ ರಾಕ್‌ನದೇ ಪ್ರಕರಣ. ಸುಪ್ರೀಂ ಕೋರ್ಟಿನ ತೀರ್ಪಿಗೆ ರಾಜ್ಯಗಳು ಬದ್ಧ ಎಂದು ಒಂಬತ್ತು ನ್ಯಾಯಮೂರ್ತಿಗಳೂ ತಮ್ಮ ಹೆಸರು ಹಾಕಿ ಬರೆದದ್ದು. ಸ್ವಲ್ಪ ಹೊತ್ತಿನ ಮೇಲೆ, "ಅಮ್ಮ, ಇಲ್ಲಿ ನೋಡು, ಇವರು ಯಾರ ಮಾತನ್ನು ಆಧಾರವಾಗಿ ಕೊಟ್ಟಿದ್ದಾರೆ" ಎಂದಳು. ಮುಖ್ಯ ನ್ಯಾಯಮೂರ್ತಿ ಟೇನಿಯ ಮಾತು, 1859ರ ತೀರ್ಪಿನದು. ಓಡಿಹೋದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸಬೇಕು ಎಂಬ 1850ರ ಕೇಂದ್ರ ಕಾನೂನನ್ನು ಉತ್ತರದ ವಿಸ್ಕಾನ್ಸಿನ್ ರಾಜ್ಯದ ನ್ಯಾಯಾಲಯ ಒಪ್ಪಲಿಲ್ಲ. ಜೈಲು ಮುರಿದು ಗುಲಾಮನೊಬ್ಬನನ್ನು ಬಿಡಿಸಲು ನೆರವಾದ ಪತ್ರಕರ್ತನನ್ನು ಬಿಡುಗಡೆ ಮಾಡಿತು. ಆಗ ರಾಜ್ಯದ ಹಕ್ಕು ಎಂದು ಕೂಗಿದವರು ಗುಲಾಮಗಿರಿಯ ವಿರೋಧಿಗಳು. ರಾಜ್ಯಕ್ಕೆ ಆ ಹಕ್ಕಿಲ್ಲ, ಕೇಂದ್ರವೇ ಮೇಲು ಎಂದವನು ಟೇನಿ. ಅದೇ ಸಾಲುಗಳು ತೊಂಬತ್ತೊಂಬತ್ತು ವರ್ಷದ ಮೇಲೆ ಕರಿಯ ಮಕ್ಕಳನ್ನು ಶಾಲೆಯಲ್ಲಿ ಉಳಿಸಲು ಕೆಲಸಕ್ಕೆ ಬಂದವು.

ಮಗಳು ಆ ಪುಟವನ್ನು ವೃದ್ಧರಿಗೆ ಕಳುಹಿಸಿದಳು. ನಾವು ಮೆಂಫಿಸ್ ಸೇರಿ, ಕಾರಿನವನಿಗೆ ಅವನ ಗಡಿ ಸುಂಕ ತೆತ್ತ ಮೇಲೆ ಉತ್ತರ ಬಂತು: "ಟೇನಿಯ ವಿಷಯ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಮೆರಿಕದ ಇತಿಹಾಸ ಕಲಿಯಬೇಕಿದ್ದ ವರ್ಷ ನಮ್ಮಪ್ಪ ಶಾಲೆ ಮುಚ್ಚಿಸಿದ್ದರು."