ಮಾಸ್ತರು ಕೇಳಿದ ಸಿನಿಮಾ

ನಮ್ಮ ಹಾರ್ಮೋನಿಯಂ ಮಾಸ್ತರಿಗೆ ಸಿನಿಮಾ ತೋರಿಸಿ ಬರುತ್ತೇನೆ ಎಂದಾಗ ಮನೆಯಲ್ಲಿ ನಕ್ಕರು. ಮಾಸ್ತರಿಗೆ ಹುಟ್ಟಿನಿಂದ ಕಣ್ಣಿಲ್ಲ. ಹುಡುಗರಾಗಿದ್ದಾಗಲೇ ಗದಗಿನ ವೀರೇಶ್ವರ ಪುಣ್ಯಾಶ್ರಮ ಸೇರಿ, ಪುಟ್ಟರಾಜ ಗವಾಯಿಗಳ ಕಾಲದಲ್ಲಿ ಕಲಿತವರು. ಆಮೇಲೆ ದಾವಣಗೆರೆಗೆ ಬಂದು, ಪುರಾಣ ಪ್ರವಚನಗಳಿಗೆ ಪೆಟ್ಟಿಗೆ ನುಡಿಸುತ್ತಾ ಇಲ್ಲೇ ಉಳಿದರು.

ಇದಕ್ಕೆಲ್ಲ ಕಾರಣ ನನ್ನ ಅಕ್ಕನ ಮಗ. ಹಿಂದಿನ ವಾರ ಅವನು ಕ್ವೀನ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಮೇಲಿನ ಇಂಗ್ಲಿಷ್ ಸಿನಿಮಾ ಹಾಕಿದ್ದ. 1985ರ ಲೈವ್ ಏಡ್ ಕಛೇರಿಗೆ ಮುಂಚೆ ಗಾಯಕ ತನಗೆ ಏಡ್ಸ್ ಕಾಯಿಲೆ ಬಂದಿರುವ ವಿಷಯವನ್ನು ಜೊತೆಗಾರರಿಗೆ ಹೇಳಿಕೊಳ್ಳುತ್ತಾನೆ. ನನಗೂ ಕಣ್ಣು ತುಂಬಿತು. ಆಮೇಲೆ ಓದಿದರೆ, ಕಾಯಿಲೆ ಪತ್ತೆಯಾಗಿದ್ದೇ 1987ರಲ್ಲಂತೆ. ಸುಮ್ಮನೆ ಅಳಿಸಿದರಲ್ಲ ಎಂದು ಸಿಟ್ಟು ಬಂತು. "ಮಾಮಾ, ಎರಡು ಗಂಟೇಲಿ ಕತೆ ಮುಗಿಸ್ಬೇಕಲ್ಲ" ಅಂದ ಅವನು. ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಪುಟ್ಟರಾಜರ ಗುರು ಪಂಚಾಕ್ಷರ ಗವಾಯಿಗಳ ಸಿನಿಮಾವನ್ನು ಗವಾಯಿಗಳ ಮಠದಲ್ಲೇ ಬೆಳೆದವರ ಎದುರು ಹಾಕಿ ನೋಡೋಣ ಅನ್ನಿಸಿತು.

ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಹೊರಟೆ. ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ದಾಟುವಷ್ಟರಲ್ಲಿ ಮಂಡಕ್ಕಿ ಮೆತ್ತಗಾಯಿತು.

1995ರ 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ' ಚಿತ್ರದ ನಿರ್ದೇಶಕರು ಚಿಂದೋಡಿ ಬಂಗಾರೇಶ್. ನಮ್ಮೂರಿನ ನಾಟಕದ ಮನೆತನದವರು. ಮಾಸ್ತರು ಅದರ ಹಾಡುಗಳನ್ನು ರೇಡಿಯೋದಲ್ಲಿ ಕೇಳಿದ್ದರೇ ಹೊರತು ಸಿನಿಮಾಕ್ಕೆ ಕೂತಿರಲಿಲ್ಲ. ಮೊಬೈಲನ್ನು ಸ್ಪೀಕರಿಗೆ ಜೋಡಿಸಿದೆ. ಅವರು ಗೋಡೆಗೊರಗಿ ಮೆಣಸಿನಕಾಯಿ ಕೈಗೆತ್ತಿಕೊಂಡರು.

"ಈಗ ಏನು ತೋರಸಾಕತ್ತಾರ?" ಐದು ನಿಮಿಷಕ್ಕೊಮ್ಮೆ ಇದೇ ಪ್ರಶ್ನೆ. ನಾನು ಹೇಳುತ್ತಾ ಹೋದೆ. ಹೇಳುವಾಗಲೇ ಗೊತ್ತಾಗಿದ್ದು: ಒಬ್ಬ ಸಂಗೀತಗಾರನ ಬಗ್ಗೆ ನಾನು ವರದಿ ಒಪ್ಪಿಸುತ್ತಿದ್ದದ್ದೆಲ್ಲ ಮುಖಭಾವ, ಬಟ್ಟೆ, ಮಳೆ, ಬಿಸಿಲು. ಮಾತಿನ ದೃಶ್ಯ ಬಂದಾಗ ಮಾಸ್ತರು ಮಂಡಕ್ಕಿಯಲ್ಲಿ ಶೇಂಗಾ ಹುಡುಕುತ್ತಿದ್ದರು. ಹಾಡು ಶುರುವಾದರೆ ಕೈ ನಿಲ್ಲುತ್ತಿತ್ತು.

"ಗವಾಯಿಗಳು ಹಿಂಗೇ ಇದ್ರಾ ಮಾಸ್ತರೇ?"

"ದೊಡ್ಡಜ್ಜಾರು ಲಿಂಗೈಕ್ಯರಾಗಿದ್ದು 1944ರಾಗ. ನಾನು ಆಶ್ರಮಕ್ಕ ಹೋಗಿದ್ದು ಆಮ್ಯಾಲೆ. ನಾನೂ ಅವರನ್ನ ನೋಡಿಲ್ಲ, ಅವರೂ ನನ್ನ ನೋಡಿಲ್ಲ." ತಮ್ಮ ಮಾತಿಗೆ ತಾವೇ ನಕ್ಕು ಕೆಮ್ಮಿದರು.

ಆಮೇಲೆ ತಮ್ಮ ಕತೆ ತೆಗೆದರು. ಭೂಪ ರಾಗದ ಆರೋಹ ಅವರೋಹ ಒಂದನ್ನೇ ಹಿರಿಯ ಹುಡುಗರು ಇವರಿಂದ ಇಡೀ ಮಳೆಗಾಲ ಹೇಳಿಸಿದರಂತೆ. ಬೆಳಗಿನ ಜಾವ ಎಬ್ಬಿಸುವುದು, ಮತ್ತೆ ಅದೇ ಐದು ಸ್ವರ. "ಪಂಚಮ ಒಂದು ಕೂದಲೆಳಿಯಷ್ಟು ಇಳಿದ್ರೂ ಬೆನ್ನ ಮ್ಯಾಲೆ ಬೀಳತಿತ್ತು. ಅದನ್ನ ತೋರಿಸಿದ್ರ ಟಾಕೀಸಿನ್ಯಾಗ ಯಾರು ಕುಂದರತಾರ?" ಕರ್ನಾಟಕಿ, ಹಿಂದೂಸ್ತಾನಿ ಎರಡರಲ್ಲೂ ಪಳಗಿ ಉಭಯಗಾನ ವಿಶಾರದ ಅನ್ನಿಸಿಕೊಂಡ ಪಂಚಾಕ್ಷರ ಗವಾಯಿಗಳು ಇಂಥ ಎಷ್ಟು ಮಳೆಗಾಲ ಕೂತಿರಬೇಕು! ಕಷ್ಟ, ಪವಾಡ, ಗುರುಭಕ್ತಿ ಪರದೆಗೆ ಒಗ್ಗುತ್ತವೆ. ಕೂತದ್ದು ಒಗ್ಗುವುದಿಲ್ಲ. ಅಳಿಯನ ಮಾತೇ ಸರಿ ಇರಬಹುದು, ಆದರೂ ಕಾಯಿಲೆಯ ತಾರೀಖು ಬದಲಿಸಿದ್ದನ್ನು ನಾನು ಒಪ್ಪಲಾರೆ.

ಮಾಸ್ತರಿಗೆ 'ಬಸಂತ್ ಬಹಾರ್' ನೆನಪಾಯಿತು. ಪಕ್ಕದ ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯನ ಕತೆಯನ್ನು ತ.ರಾ.ಸು. 'ಹಂಸಗೀತೆ' ಕಾದಂಬರಿ ಮಾಡಿದರು, 1956ರಲ್ಲಿ ಹಿಂದಿಯವರು ಅದನ್ನೆತ್ತಿಕೊಂಡು ಗಾಯಕನಿಗೆ ಗೋಪಾಲ ಎಂದು ಹೆಸರಿಟ್ಟರು. ಅದರಲ್ಲೊಂದು ಸ್ಪರ್ಧೆ. ಮನ್ನಾ ಡೇ ದನಿ ಗೆಲ್ಲಬೇಕು, ಭೀಮಸೇನ ಜೋಶಿಯವರ ದನಿ ಸೋಲಬೇಕು. ಮನ್ನಾ ಡೇ ಹೆದರಿ ಊರು ಬಿಡಲು ಹೊರಟಿದ್ದನ್ನು ತಾವೇ ಹೇಳಿಕೊಂಡಿದ್ದಾರೆ. "ನಮ್ಮ ಗದಗಿನ ಭೀಮಣ್ಣ ಸೋತನಂತ!" ಮಾಸ್ತರು ತೊಡೆ ತಟ್ಟಿಕೊಂಡರು. "ಗಾಯನದಾಗ ಗೆಲ್ಲೋದು ಸೋಲೋದು ಎಲ್ಲೈತಿ? ಸಿನಿಮಾದವರಿಗೆ ಅದು ಬೇಕು." ಅದೇ ಕತೆಯನ್ನು 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲಿ ತೆಗೆದಾಗ ಹಾಡಿದ ಬಾಲಮುರಳಿಕೃಷ್ಣರಿಗೆ ರಾಷ್ಟ್ರಪ್ರಶಸ್ತಿ ಬಂತು ಎಂದೆ. "ಬರಲೇಬೇಕು" ಅಂದರು, ಅಷ್ಟೇ.

ಅಷ್ಟರಲ್ಲಿ ಗವಾಯಿಗಳ ಸಿನಿಮಾದ 'ಉಮಂಡ್ ಘುಮಂಡ್' ಹಾಡು ಬಂತು. ಹಂಸಲೇಖರ ಸಂಗೀತ, ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿ. ಈ ಚಿತ್ರಕ್ಕೆ ಇಬ್ಬರಿಗೂ ರಾಷ್ಟ್ರಪ್ರಶಸ್ತಿ. ಮಾಸ್ತರು ಕಾಲು ಮಡಚಿ ನೆಟ್ಟಗೆ ಕೂತರು. ಎಣ್ಣೆಗೈಯನ್ನು ಪಂಚೆಗೆ ಒರೆಸಿಕೊಂಡು ತೊಡೆಯ ಮೇಲೆ ಬೆರಳು ಮಡಚುತ್ತಾ ತಾಳ ಹಿಡಿದರು. ಏನು ತೋರಿಸುತ್ತಿದ್ದಾರೆಂದು ಕೇಳಲಿಲ್ಲ. "ಇವರು ಮಠದಾಗ ಕಲಿತವರಲ್ಲ" ಅಂದರು ಮೆಲ್ಲಗೆ, "ಆದರ ಅಂಜಿ ಹಾಡ್ಯಾರ. ಅಂಜಿಕಿ ಕೇಳಸತೈತಿ. ಅದು ಬೇಕು."

ಮೋಡ ಗುಡುಗುವ ಜಾಗದಲ್ಲೇ ಜಾಹೀರಾತು ನುಗ್ಗಿತು. ಸಾಲ ಕೊಡುವ ಆ್ಯಪ್‌ನದು. ನಾನು ಬೈಯುತ್ತಾ ಮೊಬೈಲಿಗೆ ಕೈ ಹಾಕಿದೆ. ಮಾಸ್ತರು ತಾಳ ಬಿಟ್ಟಿರಲಿಲ್ಲ. ತುಂಡಾದ ಸಾಲನ್ನು ತಾವೇ ಎತ್ತಿಕೊಂಡರು, ಎಪ್ಪತ್ತು ದಾಟಿದ ಒಡಕು ದನಿಯಲ್ಲಿ. ಸಿನಿಮಾ ವಾಪಸು ಬರುವ ಹೊತ್ತಿಗೆ ಅವರು ಬೇರೆಲ್ಲೋ ಇದ್ದರು. ಕೈಸನ್ನೆ ಮಾಡಿದರು. ನಾನು ದನಿ ಪೂರ್ತಿ ಇಳಿಸಿದೆ. ಇಲ್ಲಿ ಮಾಸ್ತರು ತಾಳದ ಮೊದಲ ಪೆಟ್ಟಿಗೆ, ಸಮಕ್ಕೆ, ಬಂದು ತೊಡೆ ತಟ್ಟಿದಾಗ ಪರದೆಯ ಮೇಲೆ ಹಾಡು ಮುಗಿದೇಹೋಗಿತ್ತು.

ಎಷ್ಟೋ ಹೊತ್ತಿನ ಮೇಲೆ ನಿಲ್ಲಿಸಿ, "ಇನ್ನೂ ಎಷ್ಟೈತಿ ಸಿನಿಮಾ?" ಅಂದರು.

"ಇದೆ ಮಾಸ್ತರೇ, ಬೇಕಾದಷ್ಟು."

"ಹಂಗಾರ ನಾಳೆ ಬಾ. ಮೆಣಸಿನಕಾಯಿ ತರಬ್ಯಾಡ, ಹುಳಿತೇಗು ಬರತೈತಿ."